ಸನ್ನತಿಯ ದಾರಿ ಮತ್ತು ಭಾವನವರ ಪಟ್ಟಿ

ನಮ್ಮ ಬಳಗದ ಯಾವ ಮದುವೆ, ಮುಂಜಿಗೆ ಹೋದರೂ ಎಲೆಯ ಮುಂದೆ ಕೂತು ನಮ್ಮ ಭಾವನವರು ಹೇಳುವ ಕಥೆಯೊಂದಿದೆ. 'ನಮ್ಮ ನಾದಿನಿ ಅತ್ತೆಯವರನ್ನು ಬಿಸಿಲಲ್ಲಿ ಒಣಗಿಸಿದ್ದು' ಅಂತ ಅದಕ್ಕೆ ಅವರೇ ಹೆಸರಿಟ್ಟಿದ್ದಾರೆ. ಕಥೆಯಲ್ಲಿ ಕಲಬುರಗಿಯ ಬಿಸಿಲಿದೆ, ಕೆಟ್ಟು ನಿಂತ ಕಾರಿದೆ, ಯಾರಿಗೂ ಬೇಡದ ಕಲ್ಲೊಂದರ ಹುಚ್ಚು ಹತ್ತಿಸಿಕೊಂಡ ಇತಿಹಾಸದ ಟೀಚರ್ ಇದ್ದಾಳೆ. ಆ ಟೀಚರ್ ನಾನೇ. ಕಥೆಯಲ್ಲಿ ಇಲ್ಲದಿರುವ ಸಂಗತಿಗಳು ಎರಡು: ಪ್ರವಾಸವನ್ನು ಏಪ್ರಿಲ್ ತಿಂಗಳಿಗೆ ಇಟ್ಟವರು ಯಾರು, ಕುಡಿಯುವ ನೀರು ಎಲ್ಲಿ ಹೋಯಿತು. ಪಾಯಸ ಬಡಿಸುವ ಹೊತ್ತಿಗೆ ಕಥೆ ಮುಗಿದಿರುತ್ತದೆ, ಎಲ್ಲರೂ ನನ್ನ ಕಡೆ ನೋಡಿ ನಗುತ್ತಾರೆ. ಎಲೆಯ ಮುಂದೆ ವಾದ ಮಾಡುವುದು ನನಗೆ ಬರುವುದಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಆ ಕಡೆ ಹೊರಟವರಿಗೂ ಒಂದಿಷ್ಟು ಉಪಯೋಗವಾದೀತು.

ಮೈಸೂರು ಕಡೆಯವರು ಹಂಪಿ, ಬಾದಾಮಿ, ಹೆಚ್ಚೆಂದರೆ ವಿಜಯಪುರದ ಗೋಲ ಗುಮ್ಮಟದವರೆಗೆ ಹೋಗಿ 'ಉತ್ತರ ಕರ್ನಾಟಕ ನೋಡಿದೆವು' ಎನ್ನುತ್ತಾರೆ. ಕಲಬುರಗಿ, ಬೀದರ್ ನಮಗೆ ಮುಂಬೈಗೋ ದೆಹಲಿಗೋ ಹೋಗುವಾಗ ರೈಲಿನ ಕಿಟಕಿಯಿಂದ ಕಾಣುವ, ಇಲ್ಲವೇ ವರ್ಗಾವಣೆಯ ಆದೇಶದಲ್ಲಿ ಓದಿ ಬೆಚ್ಚಿಬೀಳುವ ಊರುಗಳು. ಭಾವನವರಿಗೂ ಬ್ಯಾಂಕಿನಲ್ಲಿದ್ದಾಗ ಒಮ್ಮೆ ಆ ಕಡೆಗೆ ವರ್ಗವಾಗಿತ್ತು. ಯಾರಯಾರ ಕೈಕಾಲು ಹಿಡಿದು ತಪ್ಪಿಸಿಕೊಂಡಿದ್ದರು. ಆ ನೆಲ 1948ರ ಸೆಪ್ಟೆಂಬರ್ 17ರವರೆಗೆ ನಿಜಾಮರ ಕೈಯಲ್ಲಿತ್ತು, 1956ರಲ್ಲಿ ನಮ್ಮ ರಾಜ್ಯಕ್ಕೆ ಸೇರಿತು, 2019ರಲ್ಲಿ ಕಲ್ಯಾಣ ಕರ್ನಾಟಕ ಎಂಬ ಹೆಸರು ಪಡೆಯಿತು. ಇಷ್ಟನ್ನು ನಾನು ತರಗತಿಯಲ್ಲಿ ಹೇಳಿಕೊಟ್ಟಿದ್ದೆನೇ ಹೊರತು ಅಲ್ಲಿ ಕಾಲಿಟ್ಟಿರಲಿಲ್ಲ.

ನಾನು ಕೇಳಿದ್ದು ಎಳ್ಳಮಾವಾಸ್ಯೆಯ ಹೊತ್ತಿಗೆ ಹೋಗೋಣ ಎಂದು. ಡಿಸೆಂಬರ್ ಕೊನೆಗೋ ಜನವರಿಗೋ ಬರುವ ಆ ಹಬ್ಬದಲ್ಲಿ ಅಲ್ಲಿಯವರು ಊರಿಗೆ ಊರೇ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಭೂಮಿತಾಯಿಗೆ ಚರಗ ಚೆಲ್ಲಿ, ಅಲ್ಲೇ ಕೂತು ಉಣ್ಣುತ್ತಾರೆ. ಸಜ್ಜೆ ಕಡುಬು, ಹತ್ತಾರು ಕಾಳು, ಸೊಪ್ಪು ಸೇರಿಸಿ ಕುದಿಸಿದ ಭಜ್ಜಿ, ಅಂಬಲಿ. ಗುರುತಿಲ್ಲದವರನ್ನೂ ಕರೆದು ಕೂರಿಸುತ್ತಾರೆ. ಆಗ ಜೋಳದ ಹೊಲ ಹಸಿರಾಗಿರುತ್ತದೆ, ಗಾಳಿ ತಣ್ಣಗಿರುತ್ತದೆ. ಇದನ್ನೆಲ್ಲ ಭಾವನವರಿಗೆ ಹೇಳಿದೆ. ಅವರು ಕಂಪ್ಯೂಟರಿನಲ್ಲಿ ಪಟ್ಟಿ ತೆಗೆದು ತೋರಿಸಿದರು. ಏಪ್ರಿಲ್‌ನಲ್ಲಿ ಹೋಟೆಲ್ ಬಾಡಿಗೆ ಕಡಿಮೆ, ನನ್ನ ಮಗನಿಗೂ ಕಾಲೇಜು ರಜೆ. ಊರಿಗಿಷ್ಟು, ಕೋಟೆಗಿಷ್ಟು, ಊಟಕ್ಕಿಷ್ಟು ಎಂದು ನಿಮಿಷಗಳ ಲೆಕ್ಕ ಆಗಲೇ ಸಿದ್ಧವಾಗಿತ್ತು. ಬಿಸಿಲಿಗೆ ಮಾತ್ರ ಆ ಪಟ್ಟಿಯಲ್ಲಿ ಜಾಗವಿರಲಿಲ್ಲ.

ಹೊರಟವರು ಅಮ್ಮ, ಅಕ್ಕ, ಭಾವ, ನಾನು, ನನ್ನ ಮಗ. ಕಲಬುರಗಿಯಲ್ಲಿ ಇಳಿದ ಮೇಲೆ ಬಾಡಿಗೆ ಕಾರು.

ಮೊದಲಿಗೆ ಊಟದ ವಿಷಯ ಹೇಳಿಬಿಡುತ್ತೇನೆ, ಏಕೆಂದರೆ ಜಗಳ ಅಲ್ಲಿಂದಲೇ ಶುರು. ಕಲಬುರಗಿಯ ಖಾನಾವಳಿಯಲ್ಲಿ ಕೂತ ತಕ್ಷಣ ಬಿಸಿ ಜೋಳದ ರೊಟ್ಟಿ, ಪುಂಡಿ ಪಲ್ಯ, ಎಣ್ಣೆಗಾಯಿ, ಶೇಂಗಾ ಹಿಂಡಿ, ಹಸಿ ಉಳ್ಳಾಗಡ್ಡಿ, ಗಟ್ಟಿ ಮೊಸರು ಬಂದವು. ಪುಂಡಿ ಸೊಪ್ಪಿನ ಹುಳಿಗೆ ಬೆಳ್ಳುಳ್ಳಿ ಒಗ್ಗರಣೆ ಬಿದ್ದು ಬರುವ ಆ ರುಚಿ ನಮ್ಮ ಕಡೆಯ ಯಾವ ಅಡುಗೆಯಲ್ಲೂ ಇಲ್ಲ. ಅಮ್ಮ ಹಲ್ಲಿಲ್ಲದ ಬಾಯಲ್ಲಿ ರೊಟ್ಟಿಯನ್ನು ಮೊಸರಿನಲ್ಲಿ ನೆನೆಸಿಕೊಂಡು ಸುಮ್ಮನೆ ಉಂಡರು. ಭಾವನವರು ಅನ್ನ, ತಿಳಿಸಾರು ಕೇಳಿದರು. ಅನ್ನ ಕೊನೆಗೆ ಬರುತ್ತದೆ, ಒಂದು ಬಟ್ಟಲು ಬರುತ್ತದೆ ಎಂದ ಬಡಿಸುವ ಹುಡುಗ. 'ಕೊನೆಗೆ ಯಾಕೆ?' ಎಂದು ಇವರು ವಾದಕ್ಕಿಳಿದರು. ಮರುದಿನದಿಂದ ಬ್ಯಾಗಿನಲ್ಲಿದ್ದ ಪುಳಿಯೋಗರೆ ಗೊಜ್ಜಿನ ಡಬ್ಬಿ ಊಟದ ಮೇಜಿಗೆ ಬಂತು. ಅಷ್ಟು ದೂರ ಹೋಗಿ ಗೊಜ್ಜು ಕಲಸಿಕೊಂಡು ತಿಂದವರು ಆ ಊರಿನ ಊಟ ಸರಿಯಿಲ್ಲ ಎಂದು ಮೈಸೂರಿನಲ್ಲಿ ಹೇಳುವುದನ್ನು ನಾನು ಹೇಗೆ ಸಹಿಸಲಿ? ಬೆಳಗಿನ ತಿಂಡಿಗೆ ಸುಸಲಾ, ಮಿರ್ಚಿ ತಿನ್ನಿ. ಇಡ್ಲಿ ಹುಡುಕಿಕೊಂಡು ಹೋಗಬೇಡಿ. ಕಲಬುರಗಿಯ ಇನ್ನೊಂದು ಹೆಸರಾದ ತಿಂಡಿ ತಹರಿ, ಮಾಂಸ ಹಾಕಿದ ಹಳದಿ ಅನ್ನ. ನನ್ನ ಮಗ ಒಂದು ಸಂಜೆ 'ಸುತ್ತಾಡಿ ಬರ್ತೀನಿ' ಅಂತ ಹೋಗಿ ಬಂದ. ಏನು ತಿಂದ ಎಂದು ನಾನು ಕೇಳಲಿಲ್ಲ, ನಮ್ಮ ಮನೆಯಲ್ಲಿ ಕೇಳುವಂತೆಯೂ ಇಲ್ಲ.

ಊರಿನ ಕೋಟೆಯೊಳಗಿನ ಜಾಮಿ ಮಸೀದಿ 1367ರದು. ಬೇರೆ ಮಸೀದಿಗಳಲ್ಲಿ ನಡುವೆ ದೊಡ್ಡ ತೆರೆದ ಅಂಗಳವಿರುತ್ತದಲ್ಲ, ಇಲ್ಲಿ ಅದಿಲ್ಲ. ಪೂರ್ತಿ ಚಾವಣಿ. ಒಳಗೆ ಕಮಾನಿನ ಹಿಂದೆ ಕಮಾನು, ಸುಣ್ಣದ ಬಿಳುಪು, ನೆರಳು. ಹೊರಗೆ ಕಾದು ಬಂದವರಿಗೆ ಇದನ್ನು ಕಟ್ಟಿಸಿದವರು ಈ ಊರಿನ ಏಪ್ರಿಲ್ ನೋಡಿದವರೇ ಇರಬೇಕು ಅನ್ನಿಸುತ್ತದೆ. ಬಂದೇ ನವಾಜರ ದರ್ಗಾಕ್ಕೂ ಶರಣಬಸವೇಶ್ವರ ಗುಡಿಗೂ ಒಂದೇ ಸಂಜೆ ಹೋದೆವು. ಬಂದೇ ನವಾಜರು ದೆಹಲಿಯಿಂದ ಇಳಿವಯಸ್ಸಿನಲ್ಲಿ ಇಲ್ಲಿಗೆ ಬಂದವರು, 1422ರಲ್ಲಿ ತೀರಿಕೊಂಡರು. ದರ್ಗಾದಲ್ಲಿ ಕುಂಕುಮವಿಟ್ಟ ಹೆಂಗಸರೂ ಗುಡಿಯಲ್ಲಿ ಟೊಪ್ಪಿಗೆಯ ಗಂಡಸರೂ ಕಂಡರು. ಯಾರೂ ಅದನ್ನು ವಿಶೇಷವೆಂದು ನೋಡುತ್ತಿರಲಿಲ್ಲ. ಪಟ್ಟಿಯಲ್ಲಿ ಎರಡಕ್ಕೂ ಇಪ್ಪತ್ತು ಇಪ್ಪತ್ತು ನಿಮಿಷ ಹಾಕಿದ್ದರು. ಅಮ್ಮ ಶರಣಬಸವೇಶ್ವರ ಗುಡಿಯ ಕಟ್ಟೆಯ ಮೇಲೆ ಕೂತವರು ಕತ್ತಲಾಗುವವರೆಗೆ ಏಳಲಿಲ್ಲ.

ಮಳಖೇಡದಲ್ಲಿ ಭಾವನವರು ನನ್ನನ್ನು ಮೊದಲ ಸಲ ಗಟ್ಟಿಯಾಗಿ ಬೈದರು. ಕಾಗಿಣಾ ನದಿಯ ದಂಡೆಯ ಆ ಊರು ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ. ಕವಿರಾಜಮಾರ್ಗ ಹುಟ್ಟಿದ್ದು ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ. ಒಂಬತ್ತನೇ ಶತಮಾನದ ಅರಬ್ ವರ್ತಕ ಸುಲೈಮಾನನ ಹೆಸರಿನ ಬರಹ ಇಲ್ಲಿಯ ದೊರೆಯನ್ನು ಜಗತ್ತಿನ ನಾಲ್ವರು ದೊಡ್ಡ ರಾಜರಲ್ಲಿ ಒಬ್ಬನೆಂದು ಎಣಿಸಿದೆ. ದಾರಿಯುದ್ದಕ್ಕೂ ಇದನ್ನೆಲ್ಲ ಹೇಳುತ್ತಾ ಬಂದೆ. ಇಳಿದು ನೋಡಿದರೆ ಮುರಿದ ಕೋಟೆಗೋಡೆ, ಬುರುಜು, ಒಳಗೆ ಜನರ ಮನೆಗಳು, ಒಂದು ಹಳೆಯ ಜೈನ ಬಸದಿ, ಆಚೆಗೆ ಸಿಮೆಂಟ್ ಕಾರ್ಖಾನೆಯ ಚಿಮಣಿ. 'ಇಷ್ಟೇನಾ?' ಎಂದರು ಭಾವ. 972ರಲ್ಲಿ ಪರಮಾರರ ಸೀಯಕ ಬಂದು ಈ ನಗರವನ್ನು ಸೂರೆ ಮಾಡಿದ, ಅದಾದ ಮೇಲೆ ರಾಷ್ಟ್ರಕೂಟರು ಚೇತರಿಸಿಕೊಳ್ಳಲೇ ಇಲ್ಲ ಎಂದೆ. 'ಹಾಗಾದರೆ ಅವನು ಬಿಟ್ಟುಹೋಗಿದ್ದನ್ನು ನೋಡಲು ನಾವು ಇಲ್ಲಿಯವರೆಗೆ ಬರಬೇಕಿತ್ತೇ?' ಎಂದರು. ಒಪ್ಪುತ್ತೇನೆ, ಮಳಖೇಡದಲ್ಲಿ ಕಣ್ಣಿಗೆ ಸಿಗುವುದು ಕಡಿಮೆ. ಕನ್ನಡ ಓದಿದವರು ಆ ಕಡೆ ಹೋಗಿಯೂ ಅಲ್ಲಿ ಇಳಿಯದಿದ್ದರೆ ಮಾತ್ರ ನನಗೆ ಅರ್ಥವಾಗುವುದಿಲ್ಲ.

ಇನ್ನು ಸನ್ನತಿ.

ಹೈಸ್ಕೂಲಿನಲ್ಲಿ ನಾನು ಅಶೋಕನ ಪಾಠ ಮಾಡುತ್ತಾ ಮುದುಕಿಯಾದವಳು. ಪಠ್ಯಪುಸ್ತಕದಲ್ಲಿರುವುದು ನಾಲ್ಕು ಸಿಂಹದ ಬೋದಿಗೆ. ಅವನ ಮುಖ ಹೇಗಿತ್ತು ಎಂದು ಮಕ್ಕಳು ಕೇಳಿದಾಗ ಯಾರಿಗೂ ಗೊತ್ತಿಲ್ಲ ಎನ್ನುತ್ತಿದ್ದೆ. ಆಮೇಲೆ ತಿಳಿಯಿತು, ಸನ್ನತಿಯ ಪಕ್ಕದ ಕನಗನಹಳ್ಳಿಯಲ್ಲಿ ಅಗೆದಾಗ ದೊಡ್ಡ ಬೌದ್ಧ ಸ್ತೂಪವೊಂದು ಸಿಕ್ಕಿದೆ, ಅದರ ಒಂದು ಫಲಕದಲ್ಲಿ ರಾಜ, ರಾಣಿ, ಮೇಲೆ ಛತ್ರ, ಪಕ್ಕದಲ್ಲಿ ಚಾಮರ ಹಿಡಿದ ಸೇವಕಿಯರಿದ್ದಾರೆ, ಬ್ರಾಹ್ಮಿ ಲಿಪಿಯಲ್ಲಿ ಅಶೋಕನ ಹೆಸರೂ ಕೆತ್ತಿದೆ ಎಂದು. ಅವನು ಸತ್ತು ಎಷ್ಟೋ ತಲೆಮಾರಾದ ಮೇಲೆ ಕೆತ್ತಿದ್ದು, ಆದ್ದರಿಂದ ಮುಖ ಅವನದೇ ಎನ್ನಲಾಗದು. ಆದರೂ ಹೆಸರು ಬರೆದ ಅಶೋಕ! ಅದೂ ಪಾಟ್ನಾದಲ್ಲಿ ಅಲ್ಲ, ನಮ್ಮ ಭೀಮಾ ನದಿಯ ದಂಡೆಯಲ್ಲಿ. ಇದನ್ನು ನೋಡದೆ ಸಾಯುವುದಿಲ್ಲ ಎಂದು ನಿರ್ಧರಿಸಿದ್ದೆ. ಭಾವನವರ ಕಥೆಯಲ್ಲಿ 'ಕಲ್ಲಿನ ಹುಚ್ಚು' ಅನ್ನುವುದು ಇದನ್ನೇ.

ಅಮ್ಮನಿಗೆ ಸ್ತೂಪ ಬೇಕಿರಲಿಲ್ಲ, ಚಂದ್ರಲಾಂಬೆಯ ದರ್ಶನ ಬೇಕಿತ್ತು. ದುಂಬಿಗಳನ್ನು ಬಿಟ್ಟು ದುಷ್ಟ ರಾಜನನ್ನು ಕೊಂದ ದೇವಿ ಎಂದು ಅವರ ತಾಯಿ ಹೇಳುತ್ತಿದ್ದರಂತೆ. ಇದನ್ನು ಯಾಕೆ ಒತ್ತಿ ಹೇಳುತ್ತೇನೆಂದರೆ, ಅಮ್ಮನನ್ನು ನಾನು ಎಳೆದುಕೊಂಡು ಹೋದೆ ಎಂಬುದು ಶುದ್ಧ ಸುಳ್ಳು.

ಬೆಳಗ್ಗೆ ಆರಕ್ಕೆ ಹೊರಟಿದ್ದರೆ ಒಂಬತ್ತಕ್ಕೆ ಎಲ್ಲ ನೋಡಿ ಮುಗಿಯುತ್ತಿತ್ತು. ಹಿಂದಿನ ದಿನ ಹೋಟೆಲಿನಲ್ಲಿ ಯಾರೋ ಭಾವನವರಿಗೆ 'ಅಲ್ಲಿ ಶಿಲ್ಪ ನೋಡಬೇಕಾದರೆ ಕಾಗದ ಬೇಕು' ಎಂದಿದ್ದರು. ಬ್ಯಾಂಕಿನವರಿಗೆ ಕಾಗದ ಎಂದರೆ ಮುಗಿಯಿತು. ಹತ್ತು ಗಂಟೆಗೆ ಒಂದು ಕಚೇರಿಗೆ ಹೋಗಿ ಕೂತೆವು. ಯಾವ ಕಚೇರಿ ಎಂದು ಹೇಳುವುದಿಲ್ಲ. ಸಾಹೇಬರು ಬಂದಿರಲಿಲ್ಲ. ಫ್ಯಾನು ತಿರುಗುತ್ತಿತ್ತು, ಗುಮಾಸ್ತರೊಬ್ಬರು ಅರ್ಜಿ ಬರೆಸಿದರು, ಗುರುತಿನ ಚೀಟಿಯ ಜೆರಾಕ್ಸ್ ಬೇಕೆಂದರು. ಮಗ ಜೆರಾಕ್ಸ್ ಅಂಗಡಿ ಹುಡುಕಿಕೊಂಡು ಹೋದ, ಕರೆಂಟ್ ಇರಲಿಲ್ಲ. ಸಾಹೇಬರು ಬಂದದ್ದು ಹನ್ನೊಂದೂವರೆ ದಾಟಿದ ಮೇಲೆ. ಅರ್ಜಿಯನ್ನು ಓದದೆ ಪಕ್ಕಕ್ಕಿಟ್ಟು, 'ಇದಕ್ಕೆಲ್ಲ ಯಾಕ್ರೀ ಕಾಗದ? ಹೋಗಿ ನೋಡ್ಕೊಂಡು ಬರ್ರಿ' ಎಂದರು. ಬೆಳಗಿನ ತಂಪು ಪೂರ್ತಿ ಆ ಬೆಂಚಿನ ಮೇಲೆ ಕಳೆದಿತ್ತು. ಆಗಲಾದರೂ ನಾಳೆಗೆ ಇಡೋಣ ಎಂದು ಅಕ್ಕ ಹೇಳಿದಳು. ನಾಳೆ ಬೀದರ್, ಹೋಟೆಲಿಗೆ ಮುಂಗಡ ಕೊಟ್ಟಾಗಿದೆ ಎಂದರು ಭಾವ. ನಾನು ಸುಮ್ಮನಿದ್ದೆ. ನಾನು ಸುಮ್ಮನಿದ್ದದ್ದೇ ಅವರ ಕಥೆಯಲ್ಲಿ 'ಹಟ ಹಿಡಿದಳು' ಎಂದಾಗಿದೆ.

ಶಹಾಬಾದ್ ದಾಟಿದೆವು. ನಮ್ಮ ಹಳೆಯ ಮನೆಗಳ ನೆಲಕ್ಕೆ ಹಾಸಿದ ಕಲ್ಲು ಬಂದದ್ದು ಈ ಊರಿಂದ. ದಾರಿ ಬದಿಯಲ್ಲಿ ಅದೇ ಕಲ್ಲಿನ ಹಾಳೆಗಳು ಅಡ್ಡಡ್ಡ ಪೇರಿಸಿದ್ದವು, ಬಿಸಿಲಿಗೆ ಬೆಳ್ಳಗೆ ಹೊಳೆಯುತ್ತಿದ್ದವು. ವಾಡಿಯ ಸಿಮೆಂಟ್ ಧೂಳು, ಆಮೇಲೆ ನಾಲವಾರ. ಅಲ್ಲಿಂದ ಮುಂದೆ ಎರಡೂ ಬದಿಗೆ ಎರೆಭೂಮಿ. ಇದು ತೊಗರಿಯ ಕಣಜ, ಕಲಬುರಗಿ ತೊಗರಿಗೆ ಭೌಗೋಳಿಕ ಗುರುತು ಕೂಡ ಸಿಕ್ಕಿದೆ. ತೊಗರಿ ಕಟಾವಾಗಿ ತಿಂಗಳುಗಳಾಗಿದ್ದವು. ಬಿರುಕು ಬಿಟ್ಟ ಕಪ್ಪು ನೆಲ, ಕಣ್ಣಿಗೆ ಕಾಣುವಷ್ಟು ದೂರವೂ ಮರವಿಲ್ಲ.

ದೇವಸ್ಥಾನದಲ್ಲಿ ದರ್ಶನವಾಯಿತು. ಅಲ್ಲಿಯ ಒಂದು ಸಂಗತಿ ಭಾವನವರಿಗೂ ಹಿಡಿಸಿತು. 1986ರಲ್ಲಿ ಆವರಣದ ಕಾಳಿ ಗುಡಿಯ ಚಾವಣಿ ಕುಸಿದು ಮೂರ್ತಿ ಹಾಳಾದಾಗ, ಅದರ ಪೀಠವಾಗಿದ್ದ ಕಲ್ಲಿನ ಮೇಲೆ ಅಶೋಕನ ಶಾಸನ ಕಂಡಿತು. ಯಾವ ಕಾಲದಲ್ಲೋ ಯಾರೋ ಕಲ್ಲು ಚೆನ್ನಾಗಿದೆ ಎಂದು ನಡುವೆ ತೂತು ಕೊರೆದು ದೇವಿಯನ್ನು ನಿಲ್ಲಿಸಿದ್ದರು, ಕೊರೆದ ಕಡೆಯ ಅಕ್ಷರಗಳು ಹೋದವು. ಅದರಲ್ಲಿ ಇರುವವುಗಳಲ್ಲಿ ಒಂದು ಹನ್ನೆರಡನೆಯ ಶಾಸನ: ತನ್ನ ಮತವನ್ನೇ ಹೊಗಳಿ ಬೇರೆಯವರದನ್ನು ತೆಗಳಬಾರದು, ನಾಲಿಗೆಯ ಮೇಲೆ ಹಿಡಿತವಿರಬೇಕು ಎಂಬ ಉಪದೇಶ. ಆ ಹೊತ್ತಿಗೆ ನಾವಿಬ್ಬರೂ ಆ ಉಪದೇಶ ಕೇಳುವ ಸ್ಥಿತಿಯಲ್ಲಿರಲಿಲ್ಲ.

ಕನಗನಹಳ್ಳಿಯಲ್ಲಿ ನಾನು ಹೆಚ್ಚು ಹೊತ್ತು ನಿಲ್ಲಲಿಲ್ಲ. ನಾವು ಹೋದಾಗ ಶಿಲ್ಪಫಲಕಗಳು ಬಯಲಿನಲ್ಲೇ ಒರಗಿದ್ದವು. ಸ್ತೂಪವನ್ನು ಎತ್ತಿ ಕಟ್ಟುವ ಕೆಲಸ ನಡೆದದ್ದು ಈಚೆಗೆ. ಕಲ್ಲು ಮುಟ್ಟಿದರೆ ಕೈ ಸುಡುತ್ತಿತ್ತು. ಕಾವಲಿನವನು ಕರೆದುಕೊಂಡು ಹೋಗಿ 'ಇವನೇ ರಾಜ' ಎಂದ. ದೊಡ್ಡ ರುಮಾಲು, ಕಿವಿಯಲ್ಲಿ ಭಾರದ ಓಲೆ, ರಾಣಿಯ ಕಡೆಗೆ ತುಸು ವಾಲಿದ ಮೈ. ಗಂಭೀರವಾದ ಚಕ್ರವರ್ತಿಯನ್ನು ನಿರೀಕ್ಷಿಸಿದ್ದ ನನಗೆ ಹೆಂಡತಿಯ ಜೊತೆ ಹರಟೆಗೆ ನಿಂತ ಗೃಹಸ್ಥ ಸಿಕ್ಕಿದ. ಫೋಟೋ ತೆಗೆದುಕೊಂಡೆ. ಅಮ್ಮ, ಅಕ್ಕ ಕಾರಿನಲ್ಲೇ ಎಸಿ ಹಾಕಿಕೊಂಡು ಕೂತಿದ್ದರು. ಇಷ್ಟೇ ನಾನು ಮಾಡಿದ ಅಪರಾಧ.

ವಾಪಸ್ ಹೊರಟು ಸ್ವಲ್ಪ ದೂರಕ್ಕೇ ಕಾರಿನ ಮುಂಭಾಗದಿಂದ ಹಬೆ ಎದ್ದಿತು. ಡ್ರೈವರ್ ನಿಲ್ಲಿಸಿ ಬಾನೆಟ್ ಎತ್ತಿದ. ರೇಡಿಯೇಟರಿನ ಪೈಪು ಒಡೆದಿತ್ತು. ಕಾರನ್ನು ಬಾಡಿಗೆಗೆ ಕೊಟ್ಟವನಿಗೆ ಅದು ಮೊದಲೇ ಗೊತ್ತಿತ್ತು ಎಂದು ಡ್ರೈವರೇ ಆಮೇಲೆ ಹೇಳಿದ. ಪೈಪಿಗೆ ಸುತ್ತಿದ್ದ ಹಳೆಯ ಟೇಪು ನಾವೂ ನೋಡಿದೆವು. 'ನೀರು ಐತೇನ್ರಿ ಸಾರ್?' ಎಂದು ಕೇಳಿದ. ಹಿಂದಿನ ಸೀಟಿನ ಕೆಳಗೆ ನಮ್ಮ ಕುಡಿಯುವ ನೀರಿನ ಕ್ಯಾನಿತ್ತು. ಭಾವನವರು ಅದನ್ನು ತೆಗೆದುಕೊಟ್ಟರು. ಕೊಟ್ಟರು ಮಾತ್ರವಲ್ಲ, 'ಪೂರ್ತಿ ಹಾಕು' ಎಂದರು. ಮೇಲಿಂದ ಸುರಿದ ನೀರು ಒಡೆದ ಪೈಪಿನಿಂದ ಕೆಳಗೆ ಸುರಿದು ಎರೆಮಣ್ಣಿನಲ್ಲಿ ಇಂಗಿಹೋಯಿತು. ನಾನು ಇಳಿದು ಬರುವಷ್ಟರಲ್ಲಿ ಕ್ಯಾನು ಬರಿದಾಗಿತ್ತು. ಉಳಿದದ್ದು ಅಕ್ಕನ ಚೀಲದಲ್ಲಿದ್ದ ಅರ್ಧ ಬಾಟಲಿ, ಅದೂ ಬಿಸಿ.

ಎಂಜಿನ್ ನಿಂತಿತು, ಎಸಿ ನಿಂತಿತು. ಆ ದಿನ 42 ಡಿಗ್ರಿ ಎಂದು ಮರುದಿನದ ಪೇಪರಿನಲ್ಲಿ ಓದಿದೆವು. ಕಾರಿನೊಳಗೆ ಕೂರುವಂತಿಲ್ಲ, ಹೊರಗೆ ನಿಲ್ಲುವಂತಿಲ್ಲ. ಗಾಳಿ ಬೀಸುತ್ತಿತ್ತು, ಬೀಸದಿದ್ದರೆ ವಾಸಿ ಎನ್ನುವಂಥ ಗಾಳಿ. ಕಾರಿನ ನೆರಳು ಒಂದು ಮೊಳ ಇತ್ತು. ಅಲ್ಲಿ ಬೆಡ್‌ಶೀಟ್ ಹಾಸಿ ಅಮ್ಮನನ್ನು ಕೂರಿಸಿದೆವು. ಡ್ರೈವರ್ ಮಾಲೀಕನಿಗೆ ಫೋನ್ ಹಚ್ಚಿದ, ಸಿಗ್ನಲ್ ಬಂದು ಹೋಗಿ ಮಾಡುತ್ತಿತ್ತು. ಮಗ ರಸ್ತೆಯ ಒಂದು ಕಡೆ, ಭಾವ ಇನ್ನೊಂದು ಕಡೆ ನೋಡುತ್ತಾ ನಿಂತರು. ಮಧ್ಯಾಹ್ನದ ಆ ಹೊತ್ತಿನಲ್ಲಿ ಆ ರಸ್ತೆಯಲ್ಲಿ ಯಾರು ಬರುತ್ತಾರೆ?

ಅರ್ಧ ಬಾಟಲಿ ನೀರನ್ನು ಅಮ್ಮನಿಗೆ ಗುಟುಕು ಗುಟುಕಾಗಿ ಕುಡಿಸಿದೆ. ಖಾಲಿಯಾಯಿತು. ಮೊದಲು ಅವರ ಹಣೆಯಲ್ಲಿ, ಕುತ್ತಿಗೆಯಲ್ಲಿ ಬೆವರು ಹರಿಯುತ್ತಿತ್ತು. ಒರೆಸುತ್ತಿದ್ದೆ. ಸ್ವಲ್ಪ ಹೊತ್ತಿನ ಮೇಲೆ ಸೆರಗಿಗೆ ಏನೂ ಅಂಟಲಿಲ್ಲ. ಹಣೆ ಒಣಗಿತ್ತು, ಮುಟ್ಟಿದರೆ ಜ್ವರದ ಮೈ. ಬೆವರು ನಿಂತಿತಲ್ಲ, ತಣ್ಣಗಾದರೇನೋ ಎಂದಳು ಅಕ್ಕ. ನನಗೂ ಒಂದು ಕ್ಷಣ ಹಾಗೇ ಅನ್ನಿಸಿತು. ಆಗ ಅಮ್ಮ ನನ್ನ ಕಡೆ ತಿರುಗಿ, 'ಸೀತಾ, ಬಾವಿಗೆ ಹಗ್ಗ ಬಿಟ್ಯಾ?' ಎಂದರು. ಸೀತಾ ಅವರ ತಂಗಿ. ನಾನು ಹುಟ್ಟುವ ಮೊದಲೇ ತೀರಿಕೊಂಡವಳು.

ಆ ಕ್ಷಣವನ್ನು ಮದುವೆ ಮನೆಯಲ್ಲಿ ಹೇಳಲು ಆಗುವುದಿಲ್ಲ, ಅದಕ್ಕೇ ಭಾವನವರ ಕಥೆಯಲ್ಲಿ ಅದು ಬರುವುದೂ ಇಲ್ಲ. ಅಕ್ಕ ಜೋರಾಗಿ ಅಳತೊಡಗಿದಳು. ಅಮ್ಮ ಇನ್ನೂ ಬಾವಿಯ ಮಾತೇ ಆಡುತ್ತಿದ್ದರು, ನಡುನಡುವೆ ಮಾತು ತೊದಲುತ್ತಿತ್ತು. ಒದ್ದೆ ಬಟ್ಟೆ ಹಾಕೋಣವೆಂದರೆ ನೀರಿಲ್ಲ. ನಾನು ಆ ಖಾಲಿ ಕ್ಯಾನನ್ನು ತಲೆಕೆಳಗು ಮಾಡಿ ಸೆರಗಿನ ಮೇಲೆ ಅಲ್ಲಾಡಿಸಿದೆ. ನಾಲ್ಕು ಹನಿ ಬಿದ್ದವು. ಅದನ್ನೇ ಅಮ್ಮನ ಕುತ್ತಿಗೆಗೆ ಒತ್ತಿದೆ. ಭಾವನವರು ಹತ್ತಿರ ಬಂದು 'ಕಾರು ಸರಿಹೋದೀತೆಂದು…' ಎಂದು ಏನೋ ಹೇಳಹೊರಟರು. ನಾನು ಅವರಿಗೆ ಏನು ಹೇಳಿದೆ ಎಂಬುದನ್ನು ಇಲ್ಲಿ ಬರೆಯಲಾರೆ. ಅಕ್ಕನ ಗಂಡ, ನನಗಿಂತ ಹಿರಿಯರು. ಆ ಮಾತಿಗೆ ಮಾತ್ರ ನನಗೆ ಇವತ್ತಿಗೂ ವಿಷಾದವಿಲ್ಲ.

ನಾಲವಾರದ ಕಡೆಯಿಂದ ಒಂದು ಟಂಟಂ ಆಟೋ ಬಂತು. ಕಿಕ್ಕಿರಿದಿತ್ತು, ಹಿಂದೆ ಜೋತುಬಿದ್ದವರೂ ಇದ್ದರು. ಮಗ ರಸ್ತೆಯ ನಡುವೆ ನಿಂತುಬಿಟ್ಟ. ಬೈಯುತ್ತಾ ಇಳಿದ ಡ್ರೈವರ್ ಅಮ್ಮನನ್ನು ನೋಡಿ ಬೈಗುಳ ನಿಲ್ಲಿಸಿದ. ಒಳಗಿದ್ದವರಲ್ಲಿ ಅರ್ಧದಷ್ಟು ಮಂದಿ ಯಾರೂ ಹೇಳದೆಯೇ ಇಳಿದರು. ಹಸಿರು ಇಳಕಲ್ ಸೀರೆಯ ಹೆಂಗಸೊಬ್ಬರು ತಮ್ಮ ತಂಬಿಗೆಯ ನೀರನ್ನು ಅಮ್ಮನ ತಲೆಯ ಮೇಲೆ ಹೊಯ್ದು, ಸೆರಗಿನಿಂದ ಬೀಸುತ್ತಾ, 'ಯವ್ವಾ, ಇಂಥಾ ಬಿಸಲಾಗ ಎತ್ತಿಗೂ ಹೊರಗ ಬಿಡಲ್ರಿ ನಾವು. ಮುದುಕೀಗಿ ಕರ್ಕೊಂಡು ಎಲ್ಲಿಗಿ ಹೊಂಟೀರಿ?' ಎಂದರು. ಉತ್ತರ ಕೊಡುವ ಬಾಯಿ ಯಾರಿಗಿತ್ತು?

ಅವರ ಊರು ಹತ್ತಿರದಲ್ಲೇ ಇತ್ತು. ಕಲ್ಲುಗೋಡೆಯ, ಮಣ್ಣಿನ ಮಾಳಿಗೆಯ ಮನೆ. ಹೊಸ್ತಿಲು ದಾಟಿದ ಕೂಡಲೇ ಬೇರೆ ಋತುವಿಗೆ ಬಂದಂತಾಯಿತು. ಅಮ್ಮನನ್ನು ಫರಸಿಯ ಮೇಲೆ ಮಲಗಿಸಿ, ಒದ್ದೆ ಪಂಚೆ ಹೊದಿಸಿ, ಇಬ್ಬರು ಎರಡು ಕಡೆ ಬೀಸಿದರು. ನಾನು ಲೋಟ ಹಿಡಿದು ಕುಡಿಸಹೋದರೆ ಆಕೆ ಕೈ ತಡೆದರು, 'ಎಚ್ಚರ ಪೂರಾ ಬರಲಿ, ನೆತ್ತಿಗಿ ಏರ್ತದ' ಎಂದು. ಅಮ್ಮ ಕಣ್ಣು ಬಿಟ್ಟು ನನ್ನನ್ನು ನನ್ನ ಹೆಸರಿನಿಂದ ಕರೆದ ಮೇಲೆಯೇ ಉಪ್ಪು ಹಾಕಿದ ನೀರು ಮಜ್ಜಿಗೆ, ಅದೂ ಚಮಚದಲ್ಲಿ. ಊರಿನ ಹುಡುಗನೊಬ್ಬ ಎಲ್ಲಿಂದಲೋ ಜೀಪು ತಂದ, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದೊಯ್ದು ಸಲೈನ್ ಹಾಕಿಸಿದೆವು. ಇನ್ನರ್ಧ ಗಂಟೆ ತಡವಾಗಿದ್ದರೆ ಕಷ್ಟವಿತ್ತು ಎಂದರು ಡಾಕ್ಟರು. ದುಡ್ಡು ಕೊಡಹೋದ ಭಾವನವರಿಗೆ ಆ ಮನೆಯ ಯಜಮಾನರು ಕೈಮುಗಿದು, 'ಎಳ್ಳಮಾಸಿಗಿ ಬರ್ರಿ, ಭಜ್ಜಿ ಉಣ್ಣಾಕ' ಎಂದರು. ನಾನು ಭಾವನವರ ಮುಖ ನೋಡಿದೆ. ಅವರು ನೋಡಲಿಲ್ಲ.

ವಾಪಸ್ ಹೋಗೋಣ ಎಂದು ಎಲ್ಲರೂ ಹೇಳಿದೆವು. ಕಲಬುರಗಿಯಲ್ಲಿ ಮಲಗಿ ಎದ್ದ ಅಮ್ಮನೇ ಬೀದರ್ ನೋಡಿಯೇ ಹೋಗುವುದು ಎಂದವರು. ಹೋದೆವು, ಬೇರೆ ಕಾರಿನಲ್ಲಿ, ಬೆಳಗಿನ ಕತ್ತಲಲ್ಲಿ. ಅಂದಿನಿಂದ ಭಾವನವರ ಪಟ್ಟಿ ಬ್ಯಾಗಿನಿಂದ ಹೊರಗೆ ಬರಲಿಲ್ಲ. ಹನ್ನೊಂದರಿಂದ ನಾಲ್ಕೂವರೆಯವರೆಗೆ ಕೋಣೆ ಬಿಟ್ಟು ಕದಲಲಿಲ್ಲ. ಬೀದರ್ ಎತ್ತರದ ಊರು, ಕೆಂಪು ಮುರಕಲ್ಲಿನ ನೆಲ, ಸಂಜೆಗೆ ಗಾಳಿ ತಂಪು.

ಅಲ್ಲಿ ನನಗೆ ಹೆಚ್ಚು ಹಿಡಿಸಿದ್ದು ಕೋಟೆಯಲ್ಲ, ಮಹಮೂದ್ ಗವಾನನ ಮದರಸಾ. ಇರಾನಿನ ಗೀಲಾನಿನಿಂದ ಬಂದು ಬಹಮನಿ ಸುಲ್ತಾನರ ಮಂತ್ರಿಯಾದವನು 1472ರಲ್ಲಿ ಕಟ್ಟಿಸಿದ ವಿದ್ಯಾಲಯ. ಉಳಿದ ಒಂದೇ ಮಿನಾರಿನ ಮೇಲೆ ನೀಲಿ, ಹಸಿರು ಬಿಲ್ಲೆಗಳು ಅಲ್ಲಲ್ಲಿ ಅಂಟಿಕೊಂಡಿವೆ. ಔರಂಗಜೇಬನ ಕಾಲದಲ್ಲಿ ಒಳಗಿಟ್ಟಿದ್ದ ಮದ್ದು ಸಿಡಿದು ಅರ್ಧ ಕಟ್ಟಡ ಹೋಯಿತು. ಗವಾನನ ಸಾವಿನ ಕಥೆಯನ್ನು ಭಾವನವರಿಗೆ ಹೇಳಿದೆ, ನಾವಿಬ್ಬರೂ ಮತ್ತೆ ಮಾತಾಡಲು ಶುರುಮಾಡಿದ್ದು ಅಲ್ಲೇ. ಅವನ ಮುದ್ರೆ ಕಾಯುವವನನ್ನು ಶತ್ರುಗಳು ಒಳಗೆ ಹಾಕಿಕೊಂಡು ಖಾಲಿ ಕಾಗದಕ್ಕೆ ಮುದ್ರೆ ಒತ್ತಿಸಿ, ಒರಿಸ್ಸಾದ ರಾಜನನ್ನು ದಂಡೆತ್ತಿ ಬಾ ಎಂದು ಕರೆದ ಪತ್ರವನ್ನು ಅದರಲ್ಲಿ ಬರೆದರು. ಸುಲ್ತಾನ ವಿಚಾರಿಸದೆ 1481ರಲ್ಲಿ ತಲೆ ತೆಗೆಸಿದ. 'ಬ್ಲ್ಯಾಂಕ್ ಪೇಪರಿಗೆ ಸೀಲು! ನಮ್ಮ ಬ್ರಾಂಚಿನಲ್ಲಾಗಿದ್ದರೆ ಸೀಲು ಕೀಲಿ ಹಾಕಿ ಇಡುತ್ತಿದ್ದೆವು' ಎಂದರು ಭಾವ, ನಿಜವಾದ ನೋವಿನಿಂದ.

ಬಿದರಿ ಕೆಲಸದ ಬೀದಿಯಲ್ಲಿ ಮಗನಿಗೆ ಹೊತ್ತು ಹೋದದ್ದೇ ತಿಳಿಯಲಿಲ್ಲ. ಸತು, ಸ್ವಲ್ಪ ತಾಮ್ರ ಸೇರಿಸಿ ಎರಕ ಹೊಯ್ದ ಹೂಜಿಯ ಮೇಲೆ ಕುಶಲಕರ್ಮಿ ಗೆರೆ ಕೊರೆದು ಬೆಳ್ಳಿಯ ತಂತಿ ಕೂರಿಸುತ್ತಾರೆ. ಆಮೇಲೆ ಕೋಟೆಯ ಹಳೆಯ ಮಣ್ಣು, ನವಸಾಗರ ಕಲಸಿದ ನೀರಿನಲ್ಲಿ ಕುದಿಸಿದರೆ ಲೋಹ ಕಡುಕಪ್ಪಾಗುತ್ತದೆ, ಬೆಳ್ಳಿ ಹಾಗೇ ಬಿಳಿಯಾಗಿ ಉಳಿಯುತ್ತದೆ. ಮಳೆ, ಬಿಸಿಲು ತಾಗದ ಮಣ್ಣೇ ಬೇಕು, ಅದನ್ನು ನಾಲಿಗೆಗೆ ಮುಟ್ಟಿಸಿ ಪರೀಕ್ಷಿಸುತ್ತಾರೆ. ಈ ಕೆಲಸದ ಶಾ ರಶೀದ್ ಅಹ್ಮದ್ ಖಾದ್ರಿಯವರಿಗೆ 2023ರಲ್ಲಿ ಪದ್ಮಶ್ರೀ ಬಂದದ್ದು ಓದಿ ನಮ್ಮ ಮನೆಯಲ್ಲಿ ಎಲ್ಲರೂ ಹಿಗ್ಗಿದೆವು, ಅವರ ಪರಿಚಯವಿದ್ದವರ ಹಾಗೆ. ಅಷ್ಟೂರಿನ ಬಹಮನಿ ಗೋರಿಗಳಿಗೆ ಬೆಳಗ್ಗೆಯೇ ಹೋಗಿ. ಅಹ್ಮದ್ ಶಾ ವಲಿಯ ಗುಮ್ಮಟದ ಒಳಗಿನ ಬಣ್ಣ ಕಣ್ಣು ಕತ್ತಲೆಗೆ ಹೊಂದಿಕೊಂಡ ಮೇಲೆ ನಿಧಾನಕ್ಕೆ ಕಾಣಿಸುತ್ತದೆ. ಆ ಸುಲ್ತಾನನ ಉರುಸಿಗೆ ಪ್ರತಿವರ್ಷ ಕಲಬುರಗಿ ಕಡೆಯ ಮಾಡ್ಯಾಳದಿಂದ ಲಿಂಗಾಯತ ಜಂಗಮರು ಬರುತ್ತಾರೆ, ಪೂಜೆ ಅವರದೇ. ಅಮ್ಮ ಗುರುನಾನಕ್ ಝೀರಾದ ಲಂಗರಿನಲ್ಲಿ ರೊಟ್ಟಿ, ದಾಲ್ ಉಂಡು, ಇಲ್ಲಿಯ ಬೇಳೆ ನಮ್ಮ ಸಾರಿಗಿಂತ ಚೆನ್ನಾಗಿದೆ ಎಂದರು. ಬಸವಕಲ್ಯಾಣಕ್ಕೆ ಹೋಗಲಾಗಲಿಲ್ಲ.

ಹೋಗುವವರಿಗೆ ಹೇಳಬಹುದಾದ್ದು ಸ್ವಲ್ಪವೇ. ನವೆಂಬರಿನಿಂದ ಜನವರಿಯೊಳಗೆ ಹೋಗಿ. ಬೇಸಿಗೆಯಲ್ಲೇ ಹೋಗಬೇಕಾದರೆ ಹಿರಿಯರನ್ನು ಹನ್ನೊಂದರ ಮೇಲೆ ಹೊರಗೆ ತರಬೇಡಿ. ಓಆರ್‌ಎಸ್ ಪುಡಿ ಚೀಲದಲ್ಲಿರಲಿ. ಬಿಸಿಲಲ್ಲಿರುವವರ ಬೆವರು ನಿಂತು ಮಾತು ತಪ್ಪತೊಡಗಿದರೆ ತಣ್ಣಗಾದರು ಎಂದುಕೊಳ್ಳಬೇಡಿ, ನೆರಳಿಗೆ, ನೀರಿಗೆ, ಡಾಕ್ಟರ ಹತ್ತಿರಕ್ಕೆ ಓಡಿ. ಕಾರಿಗೆ ಬೇರೆ ನೀರು, ಮನುಷ್ಯರಿಗೆ ಬೇರೆ ನೀರು, ಮನುಷ್ಯರ ನೀರಿನ ಕ್ಯಾನು ಹೆಂಗಸರ ಸುಪರ್ದಿಯಲ್ಲಿರಲಿ. ಬಾಡಿಗೆ ಕಾರಿನ ಬಾನೆಟ್ ಎತ್ತಿಸಿ ಪೈಪು ನೋಡಿ. ಕಾಗದ ಬೇಕೆಂದು ಯಾರಾದರೂ ಹೇಳಿದರೆ ನೇರ ಸ್ಥಳಕ್ಕೇ ಹೋಗಿ ಕೇಳಿ.

ಆ ಪೈಪಿನ ಮಾಲೀಕ ನಮಗೆ ಮುಂಗಡ ಹಣ ಇನ್ನೂ ವಾಪಸ್ ಕೊಟ್ಟಿಲ್ಲ. ಫೋನ್ ಮಾಡಿದರೆ ಕಾರು ಸನ್ನತಿಗೆ ಹೋಗಿ ಮುಟ್ಟಿತ್ತಲ್ಲ, ಅರ್ಧ ಬಾಡಿಗೆ ಆಯಿತು ಎನ್ನುತ್ತಾನಂತೆ. ವಸೂಲಿಯ ಜವಾಬ್ದಾರಿ ಭಾವನವರದು, ಬ್ಯಾಂಕಿನಲ್ಲಿ ಸಾಲ ವಸೂಲಿಗೆ ಹೆಸರಾಗಿದ್ದವರು. ಮುಂದಿನ ಮದುವೆಯಲ್ಲಿ ಕಥೆ ಶುರುಮಾಡಿದರೆ ನಾನು ಅದೊಂದನ್ನೇ ಕೇಳುವವಳಿದ್ದೇನೆ.